ಕಿರುಬೆರಳಿನ ಎಳೆ

೩ ಸೆಪ್ಟೆಂಬರ್ ೧೯೭೮, ಇಳಕಲ್

ಮುಗಿಯಿತು: ಅವ್ವನ ಕಾಲುಚೀಲ. ಬೂದು ಉಲನ್, ಹನ್ನೆರಡನೇ ನಂಬರಿನ ಕಡ್ಡಿ.

ಒಂದು ಬಿಗಿ, ಇನ್ನೊಂದು ಸಡಿಲ. ಅದೇ ಉಲನ್, ಅದೇ ಕಡ್ಡಿ, ಅದೇ ಕೈ. ಹೀಗೇಕೆ? ಅವ್ವ ಎರಡನ್ನೂ ಏರಿಸಿಕೊಂಡು ಪಡಸಾಲೆಯ ತುಂಬ ನಡೆದು ನೋಡಿದಳು. "ಒಂದ ಕಾಲು ಅತ್ತೀಮನ್ಯಾಗ ಐತಿ, ಒಂದ ಕಾಲು ತವರಮನ್ಯಾಗ," ಎಂದಳು. ನಕ್ಕೆ. ಆಮೇಲೆ ಸಡಿಲಾದದ್ದನ್ನು ತೊಡೆಯ ಮೇಲೆ ಹರವಿಕೊಂಡು ನೋಡುತ್ತ ಕೂತೆ. ಹಿಮ್ಮಡಿಯವರೆಗೆ ಸರಿ ಇದೆ. ಅಲ್ಲಿಂದ ಮುಂದೆ ಕುಣಿಕೆಗಳು ಬಾಯಿ ಬಿಟ್ಟಿವೆ.

ಈ ಊರಿನ ಬಿಸಿಲಿಗೆ ಉಲನ್ ಯಾರಿಗೆ ಬೇಕು. ಆದರೂ ಮನೆ ತುಂಬ ನನ್ನ ಹೆಣಿಗೆ. ಚಹಾದ ಕೆಟಲಿಗೆಂದು ಮಾಡಿದ ಟೊಪ್ಪಿಗೆಯನ್ನು ಅವ್ವ ಮಜ್ಜಿಗೆ ಗಡಿಗೆಗೆ ತೊಡಿಸಿದ್ದಾಳೆ. ತಮ್ಮ ರಾಚೂ ತನ್ನ ಹಸಿರು ಸ್ವೆಟರನ್ನು ವರ್ಷಕ್ಕೆ ಒಂದು ವಾರ ಹಾಕಿಕೊಂಡು ಸೀರೆ ಅಂಗಡಿಗೆ ಹೋಗುತ್ತಾನೆ. ಗಿರಾಕಿಗಳು ಜ್ವರ ಬಂದಿದೆಯೇ ಎಂದು ಕೇಳುತ್ತಾರಂತೆ.

೧೧ ಸೆಪ್ಟೆಂಬರ್

ಹೊಸದು: ಕುಂಚಿಗೆ. ತಲೆ ಮುಚ್ಚಿ, ಬೆನ್ನ ಮೇಲೆ ಸೆರಗಿನಂತೆ ಇಳಿಯಬೇಕು. ಬಿಳಿ ಉಣ್ಣೆ, ಅಪ್ಪಟ. ರಾಚೂ ಬೆಳಗಾವಿಯಿಂದ ತಂದದ್ದು. ಅಂಚಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು.

ರಾಚೂನ ಹೆಂಡತಿ ದಾಕ್ಷಾಯಣಿಗೆ ಐದು ತಿಂಗಳು ತುಂಬುತ್ತ ಬಂದಿದೆ. ಮದುವೆಯಾಗಿ ಏಳು ವರ್ಷದ ಮೇಲೆ. ಅವಳು ದಿನಾ ಬಂದು ಕಡ್ಡಿಯ ಮೇಲೆ ಎಷ್ಟು ಬೆಳೆದಿದೆ ಎಂದು ನೋಡುತ್ತಾಳೆ. "ಅಕ್ಕಾರ, ಕೂಸು ನಿಧಾನೋ, ಕುಂಚಿಗಿ ನಿಧಾನೋ?" ಎಂದು ಕೇಳಿದಳು ಇವತ್ತು.

"ಕುಂಚಿಗಿ. ಅದು ಎರಡ ಸಲ ಬಿಚ್ಚಿಸ್ಕೊಂಡೈತಿ."

ಖರೆ, ಎರಡು ಸಲ ಬಿಚ್ಚಿದೆ. ಮೊದಲ ನಾಲ್ಕು ಸಾಲು ನೆಟ್ಟಗೆ, ಆಮೇಲೆ ಸಡಿಲು. ಬೆಳಗಾವಿಯ ಕಾನ್ವೆಂಟಿನಲ್ಲಿ ಹೆಣಿಗೆ ಕಲಿಸಿದ ಸಿಸ್ಟರ್ ಎಳೆಯನ್ನು ಬಲಗೈ ಕಿರುಬೆರಳಿಗೆ ಒಂದು ಸುತ್ತು ಹಾಕಿಸುತ್ತಿದ್ದರು. ಕಿರುಬೆರಳೇ ಬ್ರೇಕು, ಅದು ಹಿಡಿದಷ್ಟೇ ಎಳೆ ಬಿಡಬೇಕು ಎನ್ನುತ್ತಿದ್ದರು. ಮೂವತ್ತು ವರ್ಷ ಬೆರಳಿನ ನೆನಪೇ ಇಲ್ಲದೆ ಹೆಣೆದೆ. ಈಗ ಬೆರಳನ್ನು ನೋಡಿಕೊಂಡು ಹೆಣೆಯಬೇಕಾಗಿದೆ. ವಯಸ್ಸೇ? ನಲವತ್ತಮೂರು ಅಷ್ಟೊಂದು ವಯಸ್ಸೇ?

ಈ ಮನೆಯಲ್ಲಿ ನನ್ನದೆನ್ನುವ ಶಾಸ್ತ್ರ ಒಂದೂ ಬಂದಿಲ್ಲ. ಮದುವೆ ಆಗಲಿಲ್ಲ. ಅಪ್ಪ ತೀರಿದಾಗ ರಾಚೂ ಸಾಲಿ ಹುಡುಗ. ಅವನನ್ನು ಓದಿಸುವುದರಲ್ಲಿ ಬಂದ ಗಂಡುಗಳು ಹೋದರು, ಆಮೇಲೆ ಬರುವುದು ನಿಂತಿತು. ದೂರೇನಿಲ್ಲ. ಆದರೆ ಈ ಕೂಸಿಗೆ ಸೋದರತ್ತೆ ನಾನೇ, ಒಬ್ಬಳೇ. ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ ತೊಡಿಸಿ, ಎತ್ತಿಕೊಂಡು, ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ನಾನು. ಹೇಳುತ್ತಿದ್ದಂತೆ ಹೆಂಗಸರೆಲ್ಲ ಸೇರಿ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ. ಅದೂ ನನಗೇ.

ಗುದ್ದು ತಿನ್ನಲು ಇಷ್ಟು ಆಸೆ ಇದ್ದದ್ದು ನನಗೇ ಗೊತ್ತಿರಲಿಲ್ಲ.

೨೦ ಸೆಪ್ಟೆಂಬರ್

ಶಹರಬಾನು ಬಂದಿದ್ದಳು. ನಮ್ಮ ಅಂಗಡಿಯ ಸೀರೆಗಳಿಗೆ ಕೊಂಡಿ ಹಾಕುವವಳು. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಕೂಡಿಸುವ ಕೆಲಸ. ಅವಳು ಅವಳ ಕುಣಿಕೆ, ನಾನು ನನ್ನ ಕುಣಿಕೆ, ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು ಎಷ್ಟೋ ವರ್ಷ.

"ಅಕ್ಕಾರ, ಈ ಸೆಕಿಯಾಗ ನಿಮ್ಮ ಉಲ್ಲನ್ ನೋಡಿದ್ರನ ನನಗ ಬೆವರ ಬರ್ತೈತ್ರಿ."

"ನೋಡಬ್ಯಾಡ ಹಂಗಾರ."

"ನೋಡದ ಏನ ಮಾಡಲಿ? ಎಳಿ ನಿಮ್ಮ ಬೆರಳ ಬಿಟ್ಟು ಓಡಿ ಹೊಂಟೈತಿ, ನೀವು ಸುಮ್ನ ಕುಂತೀರಿ."

ನೋಡಿದೆ. ಕಿರುಬೆರಳಿನಿಂದ ಎಳೆ ಜಾರಿ ನೆಲದ ಮೇಲಿತ್ತು. ಸುತ್ತೇ ಇದೆ ಅಂದುಕೊಂಡು ಹೆಣೆಯುತ್ತಿದ್ದೆ. ಜುಮ್ಮು ಹಿಡಿದಿರಬೇಕು ಎಂದೆ. "ತಿಕ್ಕರಿ, ತಿಕ್ಕರಿ," ಎಂದು ತಾನೇ ನನ್ನ ಕೈ ತೆಗೆದುಕೊಂಡು ತಿಕ್ಕಿದಳು. ತಿಕ್ಕುವುದು ಕಾಣುತ್ತಿತ್ತು.

೨ ಅಕ್ಟೋಬರ್

ಎಳೆ ಜಾರದಿರಲಿ ಎಂದು ಒಂದರ ಬದಲು ಮೂರು ಸುತ್ತು ಹಾಕಿ, ಬಿಗಿದು ಹೆಣೆದೆ. ಒಳ್ಳೆಯ ಸಾಲುಗಳು ಬಂದವು. ಖುಷಿಯಾಗಿ ಊಟಕ್ಕೂ ಏಳದೆ ಕೂತೆ. ಮಧ್ಯಾಹ್ನ ದಾಕ್ಷಿ ಬಂದು ಕುಂಚಿಗೆ ಎತ್ತಿ ನೋಡಿ, "ಅಯ್ಯ, ಅಕ್ಕಾರ, ಕೆಂಪು ಅಂಚಿಗಂದಿದ್ರಿ, ನಡುವ ಯಾಕ ಹಾಕೀರಿ?" ಎಂದಳು.

ಕೆಂಪು ಉಲನ್ ಇನ್ನೂ ಕಟ್ಟೇ ಬಿಚ್ಚಿರಲಿಲ್ಲ.

ಕಿರುಬೆರಳಿನಲ್ಲಿ ಎಳೆ ಕೊರೆದು ಗೆರೆ ಬಿದ್ದಿತ್ತು. ಗೆರೆಯಿಂದ ರಕ್ತ. ಬೆರಳ ತುದಿ ನೇರಳೆ ಹಣ್ಣಿನ ಬಣ್ಣ. ನೋವು ಇರಲಿಲ್ಲ. ಈಗಲೂ ಇಲ್ಲ. ಇರಬೇಕಲ್ಲ?

ತಣ್ಣೀರಿನಲ್ಲಿ ತೊಳೆದೆ — ಕುಂಚಿಗೆಯನ್ನು. ಕಲೆ ಹೋಯಿತು. ಬೆರಳಿಗೆ ಬಟ್ಟೆ ಸುತ್ತಿದೆ.

೯ ಅಕ್ಟೋಬರ್, ಬಾಗಲಕೋಟೆಯಿಂದ ಬಂದು

ರಾಚೂ ಅಂಗಡಿಯ ಕೆಲಸಕ್ಕೆ ಹೊರಟಿದ್ದ, ಜೊತೆಗೆ ಹೋದೆ. ಅವನು ನೂಲು ಕೊಳ್ಳಲು ಸೂತಿನ ವ್ಯಾಪಾರಿಯ ಹತ್ತಿರ, ನಾನು ಚರ್ಮದ ಡಾಕ್ಟರ ಹತ್ತಿರ. ಚರ್ಮದ ಡಾಕ್ಟರೇ ಯಾಕೆ ಎಂದು ಅವನು ಕೇಳಲಿಲ್ಲ. ಮೊಳಕೈ ಹತ್ತಿರ ಒಂದು ಮಾಸಲು ಚಿಬ್ಬು ಎರಡು ವರ್ಷದಿಂದ ಇದೆ, ಅದಕ್ಕೆ ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆನೇ? ಇಲ್ಲ. ಮನೆಯಲ್ಲಿ ಹಳೆಯ ಎನ್‌ಸೈಕ್ಲೋಪೀಡಿಯಾ ಇದೆ, ನನಗೆ ಓದಲು ಬರುತ್ತದೆ.

ವಯಸ್ಸಾದ ಡಾಕ್ಟರು. ಅರಳೆಯ ಎಳೆ ತೆಗೆದುಕೊಂಡರು. "ಕಣ್ಣ ಮುಚ್ಚರಿ. ಎಲ್ಲೆ ಮುಟ್ಟತೇನಿ, ಬೆರಳ ಇಟ್ಟು ತೋರಸರಿ." ಭುಜ, ಮಣಿಕಟ್ಟು, ಕುತ್ತಿಗೆ ತೋರಿಸಿದೆ. ಆಮೇಲೆ ಬಹಳ ಹೊತ್ತು ಅವರು ಸುಮ್ಮನಿದ್ದರು. ಯಾಕೆ ಮುಟ್ಟುತ್ತಿಲ್ಲ ಎಂದು ಕೇಳಿದೆ.

"ಮುಟ್ಟಾಕತ್ತೇನ್ರಿ ತಂಗೀ," ಎಂದರು.

ಬೆನ್ನ ಮೇಲೂ ಒಂದು ಇದೆಯಂತೆ, ರೂಪಾಯಿ ನಾಣ್ಯದಷ್ಟು. ನಾನು ನೋಡುವಂತಿಲ್ಲದ ಜಾಗ. ಮೊಳಕೈ ಹಿಂದಿನ ನರ ಹತ್ತನೇ ನಂಬರಿನ ಕಡ್ಡಿಯಷ್ಟು ದಪ್ಪವಾಗಿದೆ. ನಾನೇ ಒತ್ತಿ ನೋಡಿಕೊಂಡೆ.

ನನ್ನ ಬಗೆಯದು ಅಂಟುವುದಿಲ್ಲವಂತೆ. ದಿನಾ ಡಿ.ಡಿ.ಎಸ್. ಗುಳಿಗೆ, ವರ್ಷಗಟ್ಟಲೆ. ರೋಗ ನಿಲ್ಲುತ್ತದೆ, ಸತ್ತ ನರ ಏಳುವುದಿಲ್ಲ. ಎರಡು ಬೆರಳು ಮಡಚಿಕೊಳ್ಳಬಹುದು. "ಉಲ್ಲನ್ ಹೆಣೀತೇನಿ," ಎಂದೆ, "ಕೂಸಿನ ಕುಂಚಿಗಿ. ಅದರಿಂದ ಏನರ..." ಅವರು ನಕ್ಕರು. ಕೆಟ್ಟ ನಗೆಯಲ್ಲ. "ಆ ಕೂಸಿಗೆ ಧಗಿಯಿಂದ ಧಕ್ಕಿ, ನಿಮ್ಮ ಕೈಯಿಂದಲ್ಲ," ಎಂದರು.

ನಂಬಿದೆ. ಪುಸ್ತಕದಲ್ಲೂ ಹಾಗೇ ಇದೆ. ನಂಬಿದ ಮೇಲೂ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಮಗು ನನ್ನ ತೊಡೆಗೆ ಒರಗಿದಾಗ ಕಿಟಕಿಯ ಕಡೆ ಸರಿದೆ. ನಂಬುವುದು ಎಂದರೆ ಹಾಗಾದರೆ ಏನು?

೧೦ ಅಕ್ಟೋಬರ್

ರಾಚೂಗೆ ಹೇಳಿದೆ. ಅವ್ವ ಅಲ್ಲೇ ಕಾಳು ಹಸನು ಮಾಡುತ್ತಿದ್ದಳು, ಅದಕ್ಕೆ ಇಂಗ್ಲಿಷಿನಲ್ಲಿ ಹೇಳಿದೆ. ಅವನ ಮುಖದ ಬಣ್ಣ ಹೋಯಿತು. ಆದರೂ ಇಂಗ್ಲಿಷಿನಲ್ಲೇ, ಮೆಲ್ಲಗೆ, ಗುಣವಾಗುತ್ತದಲ್ಲ ಎಂದ.

ಅವ್ವ ತಲೆ ಎತ್ತದೆಯೇ ಕೇಳಿದಳು: "ಏನಂತಪಾ ಅದು? ಲೆಪರಸಿ? ಅಂದ್ರ?"

"ನರದ ಬ್ಯಾನಿ, ಅವ್ವಾ."

"ಇಂಗ್ಲಿಷ್ ಬ್ಯಾನಿ ಹೌದಿಲ್ಲೋ? ಹಂಗಾರ ಚಿಂತಿಲ್ಲ ಬಿಡು. ಇಂಗ್ಲಿಷ್ ಹೆಸರಿನವು ಎಲ್ಲಾ ಗುಳಿಗಿಗೆ ಹೋಗ್ತಾವ. ನಮ್ಮ ಹೆಸರಿನವs ಹೋಗಂಗಿಲ್ಲ."

ಲೆಪ್ರಸಿ ಎಂದು ಬರೆದರೆ ಕೈ ಅಳುಕುವುದಿಲ್ಲ. ಪರೀಕ್ಷೆಯ ಉತ್ತರದ ಹಾಗೆ ಇರುತ್ತದೆ. ಕನ್ನಡದ ಮಾತನ್ನು ಬರೆಯಲು ನೋಡಿದೆ. ಮೊದಲ ಅಕ್ಷರಕ್ಕೇ ಪೆನ್ನು ನಿಂತಿತು.

ಇಂಗ್ಲಿಷಿನಲ್ಲಿ ಹೇಳಿದ್ದು ಅವ್ವನಿಗಾಗಿಯೋ, ನನಗಾಗಿಯೋ?

೧೫ ನವೆಂಬರ್

ಮುಗಿಯಿತು: ಕುಂಚಿಗೆ. ಬಿಳಿ, ಕೆಂಪು ಅಂಚು, ಕೊರಳಿಗೆ ಕಟ್ಟಲು ಹೆಣೆದ ಹುರಿ, ತುದಿಗೆ ಗೊಂಡೆ. ಕಣ್ಣಿನಿಂದ ಹೆಣೆದದ್ದು, ಕೈಯಿಂದಲ್ಲ. ಒಂದೊಂದು ಕುಣಿಕೆಯನ್ನೂ ನೋಡಿ ಬಿಗಿದೆ. ಎಲ್ಲೂ ಸಡಿಲಿಲ್ಲ. ನಾನು ಮಾಡಿದ್ದರಲ್ಲಿ ಇದೇ ಚೆಂದ. ಹೇಳಿಕೊಳ್ಳಲು ನಾಚಿಕೆ ಇಲ್ಲ.

೧೭ ನವೆಂಬರ್

ಇವತ್ತು ದಾಕ್ಷಿಗೆ ಏಳು ತಿಂಗಳಿನ ಕುಬಸದ ಶಾಸ್ತ್ರ. ತವರಿನವರು ಬಾದಾಮಿಯಿಂದ ಬಂದು ಹಸಿರು ಕುಬಸ ತೊಡಿಸಿ ಉಡಿ ತುಂಬಿದರು. ಮನೆ ತುಂಬ ಹೆಂಗಸರು. ಕುಂಚಿಗೆ ಕೈಯಿಂದ ಕೈಗೆ ಹೋಯಿತು. ದಾಕ್ಷಿಯ ಚಿಗವ್ವ ಅದನ್ನು ತನ್ನ ಮುಷ್ಟಿಗೆ ತೊಡಿಸಿ, ಕೂಸಿನ ಹಾಗೆ ಆಡಿಸಿ ಎಲ್ಲರನ್ನೂ ನಗಿಸಿದಳು.

"ಸೋದರತ್ತೀ, ಕುಂಚಿಗೇನೋ ಮಸ್ತ ಐತಿ. ಬೆನ್ನ ಹೆಂಗೈತಿ?"

"ಬೆನ್ನಿಗೇನಾಗೇತಿ?"

"ಈಗೇನಾಗಿಲ್ಲ, ಆಗೋದೈತಿ! ಎಣ್ಣಿ ತಿಕ್ಕಿ ಗಟ್ಟಿ ಮಾಡ್ಕೊಂಡ ಬರ್ರಿ. ಬಾದಾಮಿ ಹೆಣ್ಮಕ್ಕಳು ಕಲ್ಲ ಗುದ್ದಿ ದೇವರ ಮಾಡಿದವರು!"

"ಗುಡ್ಯಾಗ ಮೂರ್ತಿ ಕೆತ್ತಿದವರು ಗಂಡಸರಲ್ಲೇನ?" ಎಂದೆ.

"ಕೆತ್ತಿದವರು ಗಂಡಸರು. ಮೊದಲ ಗುದ್ದಿ ಮೆತ್ತಗ ಮಾಡಿಕೊಟ್ಟವರು ನಾವು."

ನಗೆ, ನಗೆ. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಒಂದು ಗಳಿಗೆ ಎಲ್ಲ ಮರೆತಿತ್ತು.

ಆಗಲೇ ಕಿವಿಗೆ ಬಿತ್ತು. ಮೂಲೆಯಲ್ಲಿ ಅವ್ವ, ದಾಕ್ಷಿಯ ತಾಯಿಯ ಜೊತೆ. ಮಂಡಿನೋವು, ರಕ್ತದೊತ್ತಡ, ಅವರವರ ಬ್ಯಾನಿಗಳ ಮಾತು. ಅವ್ವ: "ನಮ್ಮ ಚಂಪಾಗೂ ಕೈ ಹಿಡಿದೈತ್ರಿ. ಅದೇನೋ ಲೆಪರಸಿ ಅಂತ. ಇಂಗ್ಲಿಷ್ ಬ್ಯಾನಿ. ಡಾಕ್ಟರು ಗುಳಿಗಿ ಕೊಟ್ಟಾರ."

"ಹೌದೇನ್ರಿ ಬೀಗತಿ? ಏನೇನ ಬರ್ತಾವೋ ಈಗ. ನಮ್ಮ ತಮ್ಮ ಬಸಯ್ಯ ಕಂಪೌಂಡರ ಅದಾನಲ್ರಿ, ಅವನ್ನ ಕೇಳ್ತೇನಿ, ಮುಲಾಮ ಇದ್ರ ಕಳಸ್ತೇನಿ. ಏನಂದ್ರಿ? ಲೆಪರಸಿ?"

"ಲೆ-ಪ-ರ-ಸಿ," ಎಂದು ಅವ್ವ ಬಿಡಿಸಿ ಹೇಳಿದಳು. ಬಾಯಿಪಾಠ ಮಾಡಿಕೊಂಡಿದ್ದಾಳೆ.

ಎದ್ದು ಹೋಗಿ ಏನಾದರೂ ಹೇಳಬಹುದಿತ್ತು. ಬೇರೆ ಹೆಸರು, ಯಾವುದಾದರೂ. ಕೈಯಲ್ಲಿ ಕರದಂಟಿನ ತಟ್ಟೆ ಹಿಡಿದು ನಿಂತಿದ್ದೆ. ಹಂಚುತ್ತ ಮುಂದೆ ಹೋದೆ.

ಸಂಜೆ ದಾಕ್ಷಿ ತವರಿನವರ ಜೊತೆ ಹೊರಟಳು. ಕುಂಚಿಗೆಯನ್ನು ತನ್ನ ಟ್ರಂಕಿನಲ್ಲಿ ಎಲ್ಲದರ ಮೇಲೆ ಇಟ್ಟುಕೊಂಡಳು.

೧೨ ಡಿಸೆಂಬರ್

ರಾಚೂ ಬಾದಾಮಿಯಿಂದ ಬಂದ. ಊಟ ಬೇಡ ಎಂದ. ಅವ್ವ ಒಳಗೆ ಹೋಗುವ ತನಕ ಕಾದ.

"ಗೊತ್ತಾಗೇತಿ ಅಕ್ಕಾ ಅವರಿಗೆ."

"ಹೂಂ."

"ಬಸಯ್ಯಮಾವ ಎಲ್ಲಾರ ಮುಂದ ಕನ್ನಡದಾಗ ಹೇಳ್ಯಾನ."

ಅಷ್ಟೇ. ನಾನು ಬರೆಯಲಾರದ ಮಾತನ್ನು ಅವನು ಹೇಳಿದ್ದಾನೆ. ತಪ್ಪೇನಿದೆ? ಅದು ಅದೇ ಮಾತು.

ಮುಂದಿನದನ್ನು ನಾನೇ ಕೇಳಬೇಕಾಯಿತು. "ತೊಟ್ಟಿಲಕ್ಕ?"

"ನೀನs ಬರಾಕಿ," ಎಂದ, ಬಹಳ ಜೋರಾಗಿ. "ಡಾಕ್ಟರು ಹೇಳಿದ್ದನ್ನ ಎಲ್ಲಾ ಹೇಳಿ ಬಂದೇನಿ. ಅಕ್ಕ ಹೆಸರ ಇಡಲಿಲ್ಲಂದ್ರ ಹೆಸರs ಬ್ಯಾಡ ಅಂದೇನಿ."

ನನ್ನ ಪರವಾಗಿ ಜಗಳ ಆಡಿದ್ದಾನೆ. ಹಿಗ್ಗಬೇಕಿತ್ತು. ಅವನು ಹೇಳುವಾಗ ನಾನು ನೋಡುತ್ತಿದ್ದದ್ದು ಬೇರೆ: ನೀರು ಕುಡಿದ ಲೋಟವನ್ನು ನನ್ನ ಲೋಟದಿಂದ ಒಂದು ಗೇಣು ದೂರ ಇಟ್ಟ. ಅವನಿಗೆ ತಿಳಿದೇ ಇಲ್ಲ. ಆಣೆ ಮಾಡಿ ಹೇಳಬಲ್ಲೆ, ತಿಳಿದಿಲ್ಲ.

೨೮ ಡಿಸೆಂಬರ್

ಚಳಿ, ಇಲ್ಲಿಯ ಮಟ್ಟಿಗೆ. ರಾಚೂ ಹಸಿರು ಸ್ವೆಟರು ಹಾಕಲಿಲ್ಲ.

೨೩ ಜನವರಿ ೧೯೭೯

ತಂತಿ ಬಂತು. ಹೆಣ್ಣು. ಇಬ್ಬರೂ ಕ್ಷೇಮ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹೆಸರು ಸಂಗವ್ವ ಎಂದು ಅವ್ವ, ಅವಳ ಅತ್ತೆಯ ಹೆಸರು. ಕರೆಯಲು ಸಂಗೀತಾ ಎಂದು ರಾಚೂ. ನಾನು ಕನ್ನಡಿಯ ಮುಂದೆ ಎರಡನ್ನೂ ಮೆಲ್ಲಗೆ ಹೇಳಿ ನೋಡಿದೆ.

೩ ಫೆಬ್ರವರಿ, ಬಾದಾಮಿ

ಅವ್ವನಿಗೆ ಬಸ್ಸಿನ ಪಯಣ ಆಗುವುದಿಲ್ಲ, ಉಳಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಂಡೆವು. ರಾಚೂ ದಾರಿಯುದ್ದಕ್ಕೂ ಮಾತಾಡಿದ, ಅಂಗಡಿ, ಮಳೆ, ಸೂತು. ನಿಲ್ಲಿಸಿದರೆ ಏನೋ ಬಂದುಬಿಡುತ್ತದೆ ಎನ್ನುವಂತೆ.

ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. "ಬರ್ರಿ, ಕುಂಡ್ರರಿ." ಕುರ್ಚಿ ಕೊಟ್ಟರು. ಉಳಿದ ಹೆಂಗಸರೆಲ್ಲ ಜಮಖಾನೆಯ ಮೇಲೆ. ಕುರ್ಚಿ ಎಂದರೆ ಮರ್ಯಾದೆ. ಒರಸಲೂ ಸುಲಭ. ಹೀಗೆ ಯೋಚಿಸುವುದು ಸಣ್ಣತನವೇ? ಇರಬಹುದು.

ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಬಾಣಂತಿಯ ಬಟ್ಟೆ ಒಣಗುತ್ತಿತ್ತು. ನಡುವೆ ಒಂದು ಬಿಳಿಯ ತುಂಡು, ಕೆಂಪು ಅಂಚು. ಗೊಂಬೆಯ ಟೊಪ್ಪಿಗೆ ಅಂದುಕೊಂಡೆ. ಗೊಂಡೆ ನೋಡಿ ಗುರುತಾಯಿತು.

ಮುಟ್ಟಿದೆ. ಹಲಗೆಯ ಹಾಗೆ ಗಟ್ಟಿ. ಕುಣಿಕೆ ಒಂದೂ ಕಾಣುತ್ತಿಲ್ಲ, ಎಲ್ಲ ಒಂದರೊಳಗೊಂದು ಹೊಕ್ಕು ಕಂಬಳಿಯಾಗಿದೆ. ಕೆಂಪು ಬಣ್ಣ ಬಿಳಿಯೊಳಗೆ ಇಳಿದಿದೆ.

ಬಾಗಿಲಲ್ಲಿ ದಾಕ್ಷಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಣಂತಿ ಕೋಣೆಯಿಂದ ಎದ್ದು ಬಂದಿದ್ದಾಳೆ. ಅಳುತ್ತಿದ್ದಳು.

"ಅಕ್ಕಾರ, ನಾ ಹಾಕಬೇಕಂತನ ಕುದಿಸಿದ್ನಿರಿ. ಹಾಕಬ್ಯಾಡ ಅಂದ್ರು ಎಲ್ಲಾರೂ. ಬೇವಿನೆಲಿ ಹಾಕಿ ಕುದಿಸಿದ್ರ ಏನೂ ಉಳಿಯಂಗಿಲ್ಲ, ಹಾಕಸ್ತೇನಿ ಅಂತ ನಾನs ಹಟ ಹಿಡದೆ. ನೂಲು ಕುದಿಸಿದಂಗ ಕುದಿಸಿದೆ. ಹಿಂಗ ಆಕ್ಕೈತಂತ... ಯಾರಿಗ್ಗೊತ್ತಿತ್ರಿ?"

ಯಾರಿಗೆ ಗೊತ್ತಿರಬೇಕು. ಹತ್ತಿ, ರೇಷ್ಮೆಯ ನಾಡು. ಇಲ್ಲಿ ಎಳೆ ಎಂದರೆ ಕುದಿಸುವುದೇ. ಉಣ್ಣೆಯನ್ನು ಕುದಿಸಬಾರದು ಎಂದು ನಾನೇ ಹೇಳಿರಲಿಲ್ಲ. ತಣ್ಣೀರು ಎಂದು ಒಂದು ಮಾತು. ಹೇಳುವ ಪ್ರಸಂಗ ಬರುತ್ತದೆ ಎಂದು ಅನ್ನಿಸಿರಲೇ ಇಲ್ಲ.

"ಇರಲಿ ಬಿಡ," ಎಂದೆ. "ಥಂಡಿಗೆ ನಿಂದರಬ್ಯಾಡ, ಒಳಗ ಹೋಗು." ಅವಳ ಬೆನ್ನು ಸವರಲು ಕೈ ಎತ್ತಿದೆ. ಇಳಿಸಿದೆ. ಅವಳು ಹಿಂದೆ ಸರಿಯಲಿಲ್ಲ. ಮುಂದೆ ಬರಲೂ ಇಲ್ಲ.

ಬೇರೆ ಉಲನ್ ಆದರೆ ತಪ್ಪಾದಾಗ ಬಿಚ್ಚಬಹುದು. ಕುದಿಸಿದ ಉಣ್ಣೆಯನ್ನು ಬಿಚ್ಚಲೂ ಆಗದು.

೪ ಫೆಬ್ರವರಿ, ಬಾದಾಮಿ, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಟ್ಟಿಲಿಗೆ ಹೂವು ಸುತ್ತಿದ್ದರು. ಕೂಸಿಗೆ ಪೇಟೆಯ ಕುಂಚಿಗೆ, ಗುಲಾಬಿ ಸ್ಯಾಟಿನ್. ಚೆಂದವೇ ಇತ್ತು. ನನ್ನನ್ನು ಕರೆದರು. ಹೋದೆ. ಎತ್ತಿಕೊಳ್ಳಲು ಬಾಗಿದೆ. ದಾಕ್ಷಿಯ ತಾಯಿ ಮೆಲ್ಲಗೆ, "ಎತ್ತಬ್ಯಾಡ್ರಿ, ಮಲಗೇತಿ, ಏಳತೈತಿ. ಅಲ್ಲೇ ಬಗ್ಗಿ ಹೇಳಿಬಿಡ್ರಿ," ಎಂದರು.

ಕೂಸು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ರಾಚೂನ ಹುಬ್ಬು.

ಎರಡೂ ಕೈ ಹಿಂದೆ ಕಟ್ಟಿಕೊಂಡೆ. ತೊಟ್ಟಿಲಲ್ಲಿ ತಲೆ ತಗ್ಗಿಸಿದೆ. ಎಣ್ಣೆ, ಲೋಬಾನದ ವಾಸನೆ. ಕುರ್ರ್, ಸಂಗವ್ವಾ. ಕುರ್ರ್, ಸಂಗೀತಾ. ಕಿವಿಗೆ ತುಟಿ ತಾಗದ ಹಾಗೆ ಹೇಳಿದೆ.

ಹೇಳಿ ಹಾಗೇ ಬಗ್ಗಿ ನಿಂತೆ.

ಬೆನ್ನು ಬಿಗಿಹಿಡಿದೆ. ಗುದ್ದು ಬೀಳುವಾಗ ತೊಟ್ಟಿಲಿಗೆ ತಾಗಬಾರದೆಂದು ಕಾಲು ಅಗಲಿಸಿ ಊರಿದೆ. ಕಾದೆ. ಬಳೆಗಳ ಸದ್ದು ಒಮ್ಮೆ ಆಯಿತು, ಯಾರೋ ಕೈ ಎತ್ತಿರಬೇಕು. ನಿಂತಿತು. ಯಾರೋ ಕೆಮ್ಮಿದರು. ಆಮೇಲೆ ದಾಕ್ಷಿಯ ಚಿಗವ್ವನೇ ಜೋಗುಳ ಎತ್ತಿಕೊಂಡಳು. ಕಲ್ಲು ಗುದ್ದಿ ಮೆತ್ತಗೆ ಮಾಡಿದವಳು. ಎಲ್ಲರೂ ಕೂಡಿಕೊಂಡರು.

ನೆಟ್ಟಗಾದೆ.

ಗುದ್ದಿದರೇನೋ, ನನಗೇ ತಿಳಿಯಲಿಲ್ಲವೇನೋ ಎಂದೂ ಯೋಚಿಸಿದೆ. ಬೆನ್ನ ಮೇಲೆ ಒಂದು ಇದೆಯಲ್ಲ, ಮುಟ್ಟಿದರೆ ತಿಳಿಯದ ಜಾಗ. ಆದರೆ ಅದು ರೂಪಾಯಿಯಷ್ಟು. ಬೆನ್ನು ರೂಪಾಯಿಯಷ್ಟಿಲ್ಲ.

೫ ಫೆಬ್ರವರಿ, ಇಳಕಲ್

ಅವ್ವ ಹೊಸ್ತಿಲಲ್ಲೇ ಕಾದಿದ್ದಳು. "ಎಷ್ಟ ಗುದ್ದಿದ್ರವಾ?"

"ಭಾಳ," ಎಂದೆ. "ಬೆನ್ನ ಇನ್ನೂ ನೋಯಾಕತ್ತೈತಿ."

ಅವ್ವ ನಕ್ಕು ನಕ್ಕು ಒಳಗೆ ಹೋಗಿ ಎಣ್ಣೆ ಕಾಯಿಸಿಕೊಂಡು ಬಂದಳು. ಬೋರಲು ಮಲಗಿಸಿ ತಿಕ್ಕಿದಳು. "ಬಾದಾಮಿಯವರು ಕಟುಕರಪಾ," ಎಂದು ಖುಷಿಯಿಂದ ಬೈದಳು. ಎಷ್ಟು ವರ್ಷವಾಗಿತ್ತೋ ಅವ್ವನ ಕೈ ಬೆನ್ನಿಗೆ ತಾಗಿ. ಒಂದು ಕಡೆ ಕೈ ಇಲ್ಲವಾಗುತ್ತದೆ. ಮತ್ತೆ ಬರುತ್ತದೆ. ಮತ್ತೆ ಇಲ್ಲವಾಗುತ್ತದೆ.

ಮುಖವನ್ನು ದಿಂಬಿಗೆ ಒತ್ತಿಕೊಂಡಿದ್ದೆ.

೨೧ ಜೂನ್

ದಾಕ್ಷಿ ಕೂಸಿನೊಡನೆ ಬಂದಳು. ಅವರು ಬರುವ ಮೊದಲೇ ಪಡಸಾಲೆಯ ಪಕ್ಕದ ಕೋಣೆಗೆ, ಮೊದಲು ಸೀರೆಯ ಗಂಟು ಇಡುತ್ತಿದ್ದಲ್ಲಿಗೆ, ನನ್ನ ಹಾಸಿಗೆ ಸಾಗಿಸಿದೆ. ತಟ್ಟೆ, ಲೋಟ ಬೇರೆ. ಯಾರೂ ಹೇಳಿರಲಿಲ್ಲ. ಹೇಳುವ ಕಷ್ಟವನ್ನು ಅವರಿಗೆ ತಪ್ಪಿಸಿದೆನೋ, ಹೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲವೋ. ಬೇಡ ಎಂದು ಯಾರೂ ಅನ್ನಲಿಲ್ಲ. ಅನ್ನಬಹುದು ಎಂದು ಒಂದು ದಿನ ಕಾದೆ.

ಸೀರೆ ಈಗ ಮನೆಗೆ ಬರುವುದಿಲ್ಲ. ಕೊಂಡಿಯ ಕೆಲಸ ಎಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಿರಾಕಿಗಳು ಕೇಳುತ್ತಾರಂತೆ. ಹಾಗಾಗಿ ಶಹರಬಾನುವೂ ಬರುವುದಿಲ್ಲ. ಒಮ್ಮೆ ಓಣಿಯಲ್ಲಿ ಕಿಟಕಿಯ ಹತ್ತಿರ ನಿಂತು, "ಅಕ್ಕಾರ, ಎದರಿಗೆ ನೀವಿಲ್ಲಂದ್ರ ಕೊಂಡಿ ಸಾಗವಲ್ದ್ರಿ," ಎಂದಳು. ಒಳಗೆ ಬಾ ಎಂದೆ. ಹೊತ್ತಾಗಿದೆ ಎಂದಳು. ಹೊತ್ತಾಗಿತ್ತು, ಖರೆ.

ಅವ್ವನಿಗೆ ಯಾರೂ ಕನ್ನಡದಲ್ಲಿ ಹೇಳಿಲ್ಲ. ಅಥವಾ ಹೇಳಿದ್ದಾರೆ, ಅವ್ವ ನನಗೆ ಹೇಳಿಲ್ಲ.

೭ ಸೆಪ್ಟೆಂಬರ್

ಬಿಚ್ಚಿದ್ದು: ರಾಚೂನ ಹಸಿರು ಸ್ವೆಟರ್. ಹಳೆಯ ಬಟ್ಟೆಗಳ ಗಂಟಿನಲ್ಲಿ ಸಿಕ್ಕಿತು. ಇನ್ನೂ ಗಟ್ಟಿ ಇದೆ. ತೋಳಿನಿಂದ ಸುರು ಮಾಡಿದೆ. ಒಂದೇ ಎಳೆತಕ್ಕೆ ಸಾಲು ಸಾಲೇ ಬಂದುಬಿಡುತ್ತದೆ.

ಗುಳಿಗೆ ತಪ್ಪಿಸಿಲ್ಲ. ಡಾಕ್ಟರು ಹೇಳಿದಂತೆ ರೋಗ ನಿಂತಿದೆ. ಎರಡು ಬೆರಳು ಮಡಚಿಕೊಂಡಿವೆ, ಅದನ್ನೂ ಅವರು ಹೇಳಿದ್ದರು. ಎಲ್ಲ ಹೇಳಿದಂತೆಯೇ.

೧೪ ಅಕ್ಟೋಬರ್, ಬೆಳಿಗ್ಗೆ

ಹಸಿರು ಉಲನ್‌ನಲ್ಲಿ ಏನೋ ಹಾಕಿದ್ದೇನೆ. ಏನಾಗುತ್ತದೆ ಗೊತ್ತಿಲ್ಲ. ಯಾರಿಗೆ, ಅದೂ ಗೊತ್ತಿಲ್ಲ. ಮಡಚಿದ ಬೆರಳು ಎಳೆಯನ್ನು ಈಗ ಜಾರಗೊಡುವುದಿಲ್ಲ, ಕೊಕ್ಕೆಯ ಹಾಗೆ ಹಿಡಿದಿರುತ್ತದೆ. ಅಷ್ಟು ಅನುಕೂಲ.

ರಾಚೂ ಅಂಗಡಿಗೆ ಹೋದ. ಅವ್ವ ಗುಡಿಗೆ. ದಾಕ್ಷಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಸದ್ದು ಇಲ್ಲಿಯವರೆಗೆ ಕೇಳುತ್ತಿದೆ.

ಸಂಗೀತಾ ಅಂಬೆಗಾಲಿಡುತ್ತಾಳೆ. ಮೂರು ದಿನವಾಯಿತಂತೆ. ಅವಳನ್ನು ಸೀರೆಯಿಂದ ಮಂಚದ ಕಾಲಿಗೆ ಕಟ್ಟಿ ಕೂರಿಸುತ್ತಾರೆ. ಇವತ್ತು ಬಿಚ್ಚಿಕೊಂಡಿರಬೇಕು. ಪಡಸಾಲೆಗೆ ಬಂದಿದ್ದಾಳೆ. ನನ್ನನ್ನು ನೋಡಿದಳು. ಕೂತಳು. ಮತ್ತೆ ಹೊರಟಳು. ಈ ಕಡೆಗೇ.

ಹೊಸ್ತಿಲ ಹತ್ತಿರ ಇದ್ದಾಳೆ. ದಾಕ್ಷಿಯನ್ನು ಕರೆಯಬೇಕು. ಕರೆಯುತ್ತೇನೆ. ಉಲನ್ ಉಂಡೆ ಉರುಳಿ ಅಲ್ಲೇ ಹೋಗಿ ಬಿದ್ದಿದೆ, ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಾಯಿಗೆ ಹಾಕಲಿಲ್ಲ. ಎಳೆಯುತ್ತಿದ್ದಾಳೆ. ಎಳೆಯ ಈ ತುದಿ ಇನ್ನೂ ನನ್ನ ಕಿರುಬೆರಳಲ್ಲೇ ಇದೆ, ಬರೆಯಲು ಕೂತಾಗ ಬಿಚ್ಚಿರಲಿಲ್ಲ. ಎಳೆಯುವುದು ಬೆರಳಿಗೆ ತಿಳಿಯುತ್ತಿಲ್ಲ. ಅಕ್ಷರ ಅಲುಗುವುದರಿಂದ ಗೊತ್ತಾಗುತ್ತಿದೆ. ನೋಡು, ಈ ಸಾಲು ಸೊಟ್ಟಗಾಯಿತು. ಮತ್ತೆ ಎಳೆದಳು. ನಗುತ್ತಿದ್ದಾಳೆ. ನಾನು ಹಿಡಿದಷ್ಟೇ ಬಿಡಬೇಕು. ಸ್ವಲ್ಪ ಬಿಟ್ಟೆ. ಅವಳು —

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.